ಹಕ್ಕಿ ಯಾವ ಕಡೆ

"ಶ್! ಎಲ್ರೂ ಸುಮ್ನಿರಿ," ಎಂದು ಕುಸುಮಾ ಮೇಡಂ ಕೈಯೆತ್ತಿದ ಕೂಡಲೇ ಮೂಡಲಪಾಳ್ಯದ ಪಾರ್ಕಿನಲ್ಲಿ ಚೆದುರಿ ನಿಂತಿದ್ದ ಏಳನೇ ಕ್ಲಾಸಿನ ಮಕ್ಕಳು ಬಾಯಿ ಮುಚ್ಚಿದರು. ಮುನಿರಾಜುವೂ ಆಡಹೊರಟಿದ್ದ ಮಾತನ್ನು ನುಂಗಿಕೊಂಡ.

ಶಾಲೆಯ ಸುತ್ತಮುತ್ತಲಿನ ಹಕ್ಕಿಗಳ ನಕ್ಷೆ ಮಾಡುವುದು ಮಕ್ಕಳ ಪ್ರಾಜೆಕ್ಟು. ಮೊಬೈಲಿನ ಆ್ಯಪ್ ಕೂಗು ಕೇಳಿ ಹಕ್ಕಿಯ ಹೆಸರು ಹೇಳುತ್ತಿತ್ತು. ಕೂಗು ಎಲ್ಲಿಂದ ಬಂತೆಂದು ಗುರುತಿಸಿ ನಕ್ಷೆಯಲ್ಲಿ ಚುಕ್ಕೆ ಇಡುವುದು ಮಕ್ಕಳ ಕೆಲಸ. ಮಗಳು ಕೀರ್ತನಾಳ ಕೈಗೆ ಫೋನು ಕೊಟ್ಟು ಕಳಿಸಲು ಮುನಿರಾಜುವಿಗೆ ಧೈರ್ಯವಿರಲಿಲ್ಲ. ಗೋವಿಂದರಾಜನಗರದ ಅವನ ಕಿಟಕಿ ಗ್ರಿಲ್ ಮಾಡುವ ಅಂಗಡಿಯ ಆರ್ಡರುಗಳೆಲ್ಲ ಅದರಲ್ಲೇ ಬರುತ್ತಿದ್ದವು. ಹಾಗಾಗಿ ತಾನೂ ಜೊತೆಗೆ ಬಂದಿದ್ದ.

ಮಕ್ಕಳೆಲ್ಲ ಒಟ್ಟಿಗೇ ತಲೆ ತಿರುಗಿಸಿದರು. ಫೋನಿನಲ್ಲಿ ಸೂರಕ್ಕಿಯ ಚಿತ್ರ ಮೂಡಿತು.

"ಅಪ್ಪ, ಕೇಳಿಸ್ತಾ?" ಎಂದಳು ಕೀರ್ತನಾ.

"ಕೇಳಿಸ್ದೆ ಏನು ಕಣೇ?" ಎಂದ. ಅವನಿಗೆ ಕೇಳಿಸಿದ್ದು ರಸ್ತೆಯ ಬಸ್ಸೊಂದೇ.

"ಯಾವ ಕಡೆಯಿಂದ?"

ಹೊಂಗೆಮರದತ್ತ ಕೈ ತೋರಿಸಿದ. ಮಗಳ ಸಹಪಾಠಿ ಯಶ್ವಂತ್ ಕಿಸಕ್ಕನೆ ನಕ್ಕ. "ಅಲ್ಲಲ್ಲ ಅಂಕಲ್! ನಿಮ್ಮ ಹಿಂದೇನೇ ಇದೆ, ದಾಸವಾಳದ ಗಿಡದಲ್ಲಿ."

ಮುನಿರಾಜು ತಿರುಗಿದ. ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ, ಪುಟ್ಟ ಮೈಯನ್ನೆಲ್ಲ ಅಲುಗಿಸಿಕೊಂಡು ಹಕ್ಕಿ ಕೊಕ್ಕು ತೆರೆಯುತ್ತಿತ್ತು, ಮುಚ್ಚುತ್ತಿತ್ತು. ಸದ್ದೇ ಇರಲಿಲ್ಲ. ಅಂಗಡಿಯಲ್ಲಿ ಕಬ್ಬಿಣ ಕೊಯ್ಯುವ ಕಟಿಂಗ್ ಮಷಿನ್ ಮುಂದೆ ಕಿವಿಗೆ ಏನಾದರೂ ಇಟ್ಟುಕೊಳ್ಳಿ ಎಂದು ಹೆಂಡತಿ ಹೇಳಿದಾಗಲೆಲ್ಲ ಅವನು ನಕ್ಕುಬಿಟ್ಟಿದ್ದ. ಟೀವಿ ಸದ್ದು ಕಮ್ಮಿ ಮಾಡಿ ಎಂದು ಮನೆಯವರೆಲ್ಲ ಗೊಣಗುತ್ತಿದ್ದುದು ಯಾಕೆಂದು ಈಗ ಹೊಳೆಯಿತು.

ಬಗ್ಗಿ ಮಗಳ ಕಿವಿಯ ಹತ್ತಿರ ಹೇಳಿದ, "ಇಲ್ಲ ಕಣಮ್ಮ. ನಂಗೇನೂ ಕೇಳಿಸ್ತಿಲ್ಲ. ಸುಮ್ನೆ ಸುಳ್ಳು ಹೇಳ್ದೆ."

ಪಿಸುಗುಟ್ಟಿದೆ ಎಂದುಕೊಂಡಿದ್ದ. ಆದರೆ ಅಷ್ಟು ದೂರದಲ್ಲಿದ್ದ ಕುಸುಮಾ ಮೇಡಂ ಕೂಡ ಇತ್ತ ತಿರುಗಿ ನೋಡಿದರು. ಯಶ್ವಂತನ ನಗು ನಿಂತಿತು.

ಕೀರ್ತನಾಳ ಮುಖ ಸಣ್ಣದಾಯಿತು. ಅಪ್ಪನ ಶರ್ಟಿನ ತೋಳು ಹಿಡಿದಳು. "ಸಂಜೆ ಡಾಕ್ಟ್ರ ಹತ್ರ ಹೋಗೋಣ. ಅಂಗ್ಡಿ ಇದೆ ಅನ್ಬೇಡ."

"ಆಯ್ತು. ಹೋಗೋಣ."

ಅವಳು ಫೋನಿನಲ್ಲಿ ಏನನ್ನೋ ಒತ್ತಿ ಅವನ ಕೈಗಿಟ್ಟಳು. "ಇಲ್ನೋಡಪ್ಪ. ಅದು ಕೂಗ್ದಾಗೆಲ್ಲ ಇಲ್ಲಿ ಗೆರೆ ಏಳತ್ತೆ."

ಬಿಸಿಲಿಗೆ ಪರದೆ ಸರಿಯಾಗಿ ಕಾಣುತ್ತಿರಲಿಲ್ಲ. ಮುನಿರಾಜು ಅಂಗೈ ಅಡ್ಡ ಹಿಡಿದ. ಕಪ್ಪಿನ ಮೇಲೆ ಸೂಜಿಯಂಥ ಬೆಳ್ಳಗಿನ ಗೆರೆಯೊಂದು ಎದ್ದಿತು. ಸ್ವಲ್ಪ ಬಿಟ್ಟು ಎರಡು ಜೊತೆಯಾಗಿ ಬಂದವು. ಆಮೇಲೆ ಬರೀ ಕಪ್ಪು. ಅವನು ಉಸಿರು ಬಿಗಿಹಿಡಿದು ಮುಂದಿನ ಗೆರೆಗೆ ಕಾದ.