ಮೂರು ದಿನಕ್ಕೆಂದು ಕೊಟ್ಟ ಕಿರೀಟ

ನಾನು ಒಂದು ಮೊಬೈಲ್ ಫೋನು. ಕಾರ್ಖಾನೆಯಲ್ಲಿ ಸಾವಿರಾರು ಫೋನುಗಳ ಜೊತೆ ಒಂದೇ ದಿನ ಹುಟ್ಟಿದೆ. ಮೊದಲು ಕೊಂಡ ವಕೀಲರಿಗೆ ಆರೇ ತಿಂಗಳಲ್ಲಿ ಬೇಡವಾದೆ. ಆಮೇಲೆ ಹುಬ್ಬಳ್ಳಿಯ ಲೇಥ್ ಕೆಲಸಗಾರ ನಿಜಗುಣಪ್ಪನ ಎಣ್ಣೆಗೈಗೆ ಬಿದ್ದೆ.

ಕೆಲಸದಲ್ಲಿ ಅವನನ್ನು ‘ಏ’ ಎಂದೇ ಕೂಗುತ್ತಿದ್ದರು. ನನ್ನೊಳಗಿನ ಕೋಟೆಯಾಟದಲ್ಲಿ ಮಾತ್ರ ಅವನು ದೊರೆ. ನಾಲ್ಕು ವರ್ಷ ಒದ್ದಾಡಿ ಕೋಟೆ ಕಟ್ಟಿದ್ದ. ಬೇರೆ ಬೇರೆ ಊರುಗಳಲ್ಲಿ ಅದೇ ಆಟ ಆಡುವ ಐವತ್ತು ಜನರನ್ನು ಅದಕ್ಕೆ ಸೇರಿಸಿದ್ದ. ಅವನ ಹೆಸರಿನ ಪಕ್ಕ ಸಾಸಿವೆಯಷ್ಟು ಕಿರೀಟ. ಅದಿದ್ದವನು ಮಾತ್ರ ಯುದ್ಧ ಸಾರಬಹುದು.

“ಆ ಕಿರೀಟಾ ಹಾಕ್ಕೊಂಡು ಸಂತಿಗೆ ಹೋಗಿ ಬರ್ರಿ,” ಅನ್ನುತ್ತಿದ್ದಳು ಹೆಂಡತಿ ಗುರವ್ವ, “ಬದನಿಕಾಯಿ ಯಾರರ ಪುಕ್ಕಟ ಕೊಡ್ತಾರೇನು ನೋಡೂಣು.”

ನಿಜಗುಣಪ್ಪನಿಗೆ ಹರ್ನಿಯಾ ಆಪರೇಷನ್ ಬಂತು. ಆಸ್ಪತ್ರೆಯಲ್ಲಿ ನನ್ನನ್ನು ಮುಟ್ಟಬಾರದೆಂದು ಗುರವ್ವ ಹಟ ಹಿಡಿದಳು. ಅದೇ ವಾರ ದೊಡ್ಡ ಯುದ್ಧ. ಒಂದು ಯುದ್ಧ ಬಿಟ್ಟಿದ್ದರೆ ಏನೂ ಮುಳುಗುತ್ತಿರಲಿಲ್ಲ. ಇವನಿಗೆ ಕೋಟೆಯ ಮರ್ಯಾದೆ ದೊಡ್ಡದು. ತಾನೇ ಕೋಟೆಗೆ ಸೇರಿಸಿದ್ದ, ಪಕ್ಕದ ಮಷಿನಿನ ಮೌನೇಶನಿಗೆ ಮೂರು ದಿನದ ಮಟ್ಟಿಗೆ ಕಿರೀಟ ಕೊಟ್ಟ. ಕೊಟ್ಟವನು ಆಳಾಗುತ್ತಾನೆ, ಮರಳಿಸುವುದು ಪಡೆದವನ ಮರ್ಜಿ ಎಂದು ನನ್ನ ಗಾಜಿನ ಮೇಲೆ ಸ್ಪಷ್ಟವಾಗಿ ಮೂಡಿತ್ತು. ದಡ್ಡ, ಓದದೇ ಒತ್ತಿದ.

ಮೌನೇಶ ಯುದ್ಧ ಗೆದ್ದ. ಎಲ್ಲರೂ ಅವನಿಗೆ ಜೈ ಅಂದರು. ಹೊಲಿಗೆ ಮಾಯುವ ಮೊದಲೇ ನಿಜಗುಣಪ್ಪ ಕಿರೀಟ ಕೇಳಲು ಹೋದ. ನಾನು ಅವನ ಅಂಗಿ ಜೇಬಿನಲ್ಲಿದ್ದೆ.

“ಗೆದ್ದಾಂವ ನಾನು, ಅಣ್ಣಾ,” ಅಂದ ಮೌನೇಶ, ಚಹಾ ಕುಡಿಯುತ್ತಲೇ. “ಮಂದಿಗೆ ನಾನ ಬೇಕಂತ. ನೀವು ಆರಾಮ ತಗೋರಿ.”

ನಿಜಗುಣಪ್ಪ ಬೈದ. ಮೌನೇಶ ಅವನನ್ನು ಕೋಟೆಯಿಂದಲೇ ಹೊರಹಾಕಿದ. ಉಳಿದವರೆಲ್ಲ ಹೊಸ ದೊರೆಯ ಮುಂದಿನ ಯುದ್ಧಕ್ಕೆ ಹೆಸರು ಕೊಟ್ಟರು. ವಾರ ಕಳೆದ ಮೇಲೆ ನಿಜಗುಣಪ್ಪ ತಾನು ಕಟ್ಟಿದ ಕೋಟೆಗೇ ಸೈನಿಕನಾಗಲು ಅರ್ಜಿ ಹಾಕಿದ. ಮೌನೇಶ ಪಟ್ಟಿಯ ಕೊನೆಗೆ ಸೇರಿಸಿಕೊಂಡ.

ಎರಡು ತಿಂಗಳಲ್ಲಿ ಮೌನೇಶನಿಗೆ ಆಟ ಸಾಕಾಯಿತು. ಕಿರೀಟ ಯಾರಿಗೂ ಕೊಡದೆ, ಆಟವನ್ನೇ ತನ್ನ ಫೋನಿನಿಂದ ಕಿತ್ತುಹಾಕಿದ. ಯುದ್ಧ ಸಾರುವವರಿಲ್ಲದೆ ಜೈ ಅಂದವರೆಲ್ಲ ಬೇರೆ ಕೋಟೆಗಳಿಗೆ ಹೋದರು. ಪಟ್ಟಿಯಲ್ಲಿ ಉಳಿದದ್ದು ಎರಡೇ ಹೆಸರು: ಮೇಲೆ, ಆಟಕ್ಕೇ ಬಾರದ ದೊರೆ ಮೌನೇಶ; ಕೆಳಗೆ ನಿಜಗುಣಪ್ಪ.

ಈಗ ನನ್ನ ಬ್ಯಾಟರಿ ಉಬ್ಬಿದೆ. ರಿಪೇರಿ ಅಂಗಡಿಯ ಡಬ್ಬಿಯಲ್ಲಿ ಬಿದ್ದಿದ್ದೇನೆ. ಆ ಕಿರೀಟ ಬರೀ ಒಂದು ಬೆಳಕಿನ ಚುಕ್ಕೆ. ಅದನ್ನು ಉರಿಸುತ್ತಿದ್ದವನು ನಾನು, ನನಗೆ ಗೊತ್ತು. ಅವನಿಗೆ ಗೊತ್ತಾಗಲೇ ಇಲ್ಲ. ನನ್ನನ್ನು ಬಿಟ್ಟುಹೋದ ದಿನ, ಹೊಸ ಫೋನಿಗೆ ಏನೇನು ಹಾಕಬೇಕೆಂದು ಅಂಗಡಿಯವನು ಕೇಳಿದ.

“ಫೋಟೋ ಹೋದ್ರ ಹೋಗಲಿ, ಆ ಆಟ ಒಂದು ಉಳಸ್ರಿ,” ಅಂದ ನಿಜಗುಣಪ್ಪ. “ಮೌನೇಶ ಕಿರೀಟಾ ಕೊಡಾಕ ಬಂದ್ರ, ನಾ ಅಲ್ಲಿ ಇರಬೇಕಲ್ರಿ.”