ಒಂಟಿ ಸೀನು

ನಮ್ಮ ಹೆಡ್‌ಮಾಸ್ತರ ಕರಬಸಪ್ಪನವರು ಒಂಟಿ ಸೀನಿನ ಅಪಶಕುನಕ್ಕೆ ಬೆಲೆ ಕೊಡುವವರು. ಎದುರಿಗೆ ಯಾರಾದರೂ ಒಮ್ಮೆ ಸೀನಿದರೆ ಬರೆಯುತ್ತಿದ್ದ ಪೆನ್ನನ್ನು ಮೇಲೆತ್ತಿ ಎರಡನೆಯದಕ್ಕೆ ಕಾಯುತ್ತಾರೆ. ಅದು ಬಾರದಿದ್ದರೆ ಒಂದು ಗುಟುಕು ನೀರು ಕುಡಿದು ಕೆಲಸವನ್ನು ಮೊದಲಿನಿಂದ ಶುರು ಮಾಡುತ್ತಾರೆ. ಬೇರೆ ಊರಿನಲ್ಲಾದರೆ ಇದರಿಂದ ಯಾರಿಗೂ ತೊಂದರೆಯಿಲ್ಲ. ಆದರೆ ಬ್ಯಾಡಗಿಯಲ್ಲಿ, ಅದೂ ಮೆಣಸಿನಕಾಯಿಯ ಸುಗ್ಗಿಯಲ್ಲಿ, ಇಂಥ ನಂಬಿಕೆ ಇಟ್ಟುಕೊಂಡು ಹೈಸ್ಕೂಲು ನಡೆಸುವುದು ಸಾಹಸವೇ ಸರಿ. ನಮ್ಮ ರಜಾಚೀಟಿಗೆ ಅವರ ಸಹಿ ಬೀಳಬೇಕಾದರೆ ಇಡೀ ಸ್ಟಾಫ್‌ರೂಮು ಮೂಗು ಹಿಡಿದು ನಿಲ್ಲಬೇಕು.

ಆ ವರ್ಷ ಸೀನಿನ ಗದ್ದಲ ಎದ್ದದ್ದು ಒಂಬತ್ತನೆಯ ತರಗತಿಯಲ್ಲಿ. ಸುನಿತಾ ಎಂಬ ಹುಡುಗಿ ಬೆಳಿಗ್ಗೆ ತಾಯಿ ಗುತ್ತೆವ್ವನ ಜೊತೆ ಗೋದಾಮಿನಲ್ಲಿ ಮೆಣಸಿನಕಾಯಿಯ ತುಂಬು, ಅಂದರೆ ತೊಟ್ಟು, ಬಿಡಿಸಿ, ಅಲ್ಲಿಂದಲೇ ಬ್ಯಾಗು ಹೆಗಲಿಗೇರಿಸಿಕೊಂಡು ಶಾಲೆಗೆ ಬರುತ್ತಿದ್ದಳು. ಎಷ್ಟು ಝಾಡಿಸಿದರೂ ಲಂಗದ ನೆರಿಗೆಯಲ್ಲಿ ಒಂದಿಷ್ಟು ಕೆಂಪು ಧೂಳು ಉಳಿದಿರುತ್ತಿತ್ತು. ಅವಳು ಬಾಗಿಲಲ್ಲಿ ಕಂಡರೆ ಸಾಕು, ಹಿಂದಿನ ಬೆಂಚಿನಿಂದ ದುರುಗೇಶ ಸೀನುತ್ತಿದ್ದ. ಅವನ ಬೆನ್ನಿಗೆ ಉಳಿದವರು. ಈ ದುರುಗೇಶನ ಅಪ್ಪನದು ಮಾರುಕಟ್ಟೆಯಲ್ಲಿ ದಲಾಲಿ ಅಂಗಡಿ. ಮೆಣಸಿನಕಾಯಿ ಚೀಲಗಳ ಮೇಲೆಯೇ ಮಧ್ಯಾಹ್ನದ ನಿದ್ದೆ ಮಾಡಿ ಬೆಳೆದ ಹುಡುಗ.

ನಾನು ಕನ್ನಡದ ಮಾಸ್ತರ. ಮಾತ್ರೆ ಎಣಿಸಿ ಎಣಿಸಿ ಕಿವಿ ತುಸು ಚುರುಕಾಗಿದೆ. ನಿಜವಾದ ಸೀನು ಮನುಷ್ಯನನ್ನು ಬಗ್ಗಿಸುತ್ತದೆ. ದುರುಗೇಶನ ಸೀನು ಅವನನ್ನು ನೆಟ್ಟಗೆ ನಿಲ್ಲಿಸುತ್ತಿತ್ತು. ಅಲ್ಲದೆ ಅದು ಸುನಿತಾ ಒಳಗೆ ಕಾಲಿಡುವ ಮುಂಚೆಯೇ ಬಂದುಬಿಡುತ್ತಿತ್ತು. ಧೂಳಿಗೂ ಅಷ್ಟು ಅವಸರ ಇರುವುದಿಲ್ಲ.

ಆ ತರಗತಿಯ ಕ್ಲಾಸ್ ಟೀಚರ್ ಶಶಿಕಾಂತ ಮಾಸ್ತರರು. ವಿಜ್ಞಾನದವರು, ದಿನಾ ರಾಣೆಬೆನ್ನೂರಿನಿಂದ ಬಸ್ಸಿನಲ್ಲಿ ಬರುವವರು. ಅವರ ಬಿಳಿ ಅಂಗಿ ನಮ್ಮ ಶಾಲೆಯ ದರ್ಶನೀಯ ವಸ್ತುಗಳಲ್ಲೊಂದು. ಬೋರ್ಡಿನ ಮೇಲೆ ಬರೆಯುವಾಗಲೂ ತೋಳಿಗೆ ಸೀಮೆಸುಣ್ಣ ತಾಗದಂತೆ ಒಂದು ಮೊಳ ದೂರ ನಿಂತು ಬರೆಯುತ್ತಿದ್ದರು. ಅವರು ತರಗತಿಯನ್ನು ಗದರಿಸಿದರು. ಹುಡುಗರು ಸೀನುವುದನ್ನು ಬಿಟ್ಟು ಮೂಗು ಮುಚ್ಚಿಕೊಳ್ಳಲು ಶುರು ಮಾಡಿದರು. ಅದು ಸೀನಿಗಿಂತ ಕೆಟ್ಟದಾಗಿತ್ತು.

ಅಷ್ಟರಲ್ಲಿ ಶಶಿಕಾಂತರು ತರಬೇತಿಗೆಂದು ಹಾವೇರಿಗೆ ಹೋದ ದಿನ ಕರಬಸಪ್ಪನವರು ತಾವೇ ಒಂದು ಪರಿಹಾರ ಕಂಡುಹಿಡಿದರು. ಸುನಿತಾಳಿಗೆ ಕಿಟಕಿಯ ಪಕ್ಕ ಒಂದು ಬೇರೆ ಬೆಂಚು ಹಾಕಿಸಿದರು.

"ಛಲೋ ಗಾಳಿ ಬರತೈತಿ ನೋಡವಾ. ನಿನಗೂ ಆರಾಮ, ಇವರಿಗೂ ಆರಾಮ" ಅಂದರು. ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಸುನಿತಾ ಆ ದಿನ ಸಂಜೆಯವರೆಗೆ ಅಲ್ಲಿ ಒಬ್ಬಳೇ ಕೂತಳು. ಮರುದಿನ ಬರಲಿಲ್ಲ. ಆಮೇಲೂ ಬರಲಿಲ್ಲ.

"ಆಕಿ ಇನ್ನ ಬರಂಗಿಲ್ಲಂತ್ರಿ ಸರ. ದಿನಪೂರ್ತಿ ಗೋದಾಮಿಗೇ ಹೋಗ್ತಾಳಂತ" ಎಂದು ಶಶಿಕಾಂತರಿಗೆ ಸುದ್ದಿ ಮುಟ್ಟಿಸಿದವಳು ಅವಳ ಹಳೆಯ ಬೆಂಚಿನ ಜೊತೆಗಾತಿ ದಿಲನಾಜ.

ನಾನೊಂದು ಉಪಾಯ ಹೇಳಿದೆ. "ಒಂದು ಜೋಡಿ ಯುನಿಫಾರ್ಮ್ ಲ್ಯಾಬಿನ ಕಪಾಟಿನಾಗ ಇಡೋಣ್ರಿ. ಬಂದು ಬದಲಿಸಿಕೊಂಡ್ರಾತು."

"ಬಟ್ಟಿ ಬದಲಿಸು ಅಂದ್ರ ತಪ್ಪು ನಿಂದು ಅಂದಂಗಾತಲ್ರಿ" ಅಂದರು ಶಶಿಕಾಂತರು. ನನ್ನ ಉಪಾಯ ಅಲ್ಲಿಗೆ ಮುಗಿಯಿತು.

ಸಂಜೆ ಇಬ್ಬರೂ ಗೋದಾಮಿಗೆ ಹೋದೆವು. ಎತ್ತರದ ತಗಡಿನ ಸೂರಿನ ಕೆಳಗೆ ಕೆಂಪು ರಾಶಿಗಳು, ರಾಶಿಯ ಸುತ್ತ ಸೆರಗನ್ನು ಮೂಗಿಗೆ ಸುತ್ತಿಕೊಂಡ ಹೆಣ್ಣುಮಕ್ಕಳು. ಬಿಳಿ ಅಂಗಿ ಒಳಗೆ ಬಂದದ್ದೇ ಮಾತು ನಿಂತಿತು.

"ಬರ್ರಿ ಸರ, ಕುಂದ್ರಿ" ಎಂದು ಗುತ್ತೆವ್ವ ಒಂದು ಖಾಲಿ ಚೀಲ ಝಾಡಿಸಿ ಹಾಸಿದಳು. ಆ ಉಪಚಾರವೇ ಮುಳುವಾಯಿತು. ಶಶಿಕಾಂತರು ಕೂತವರೇ, "ನೋಡವಾ ಸುನಿತಾ, ಸಾಲಿ ಅಂದ್ರ..." ಎಂದು ಶುರು ಮಾಡಿ ಸೀನಿದರು. ಮತ್ತೆ "ಸಾಲಿ" ಅಂದರು, ಮತ್ತೆ ಸೀನಿದರು. ವಾಕ್ಯ ಮುಗಿಯಲೇ ಇಲ್ಲ. ಹೆಣ್ಣುಮಕ್ಕಳು ಸೆರಗಿನ ಒಳಗೇ ನಕ್ಕರು.

"ನಾ ಏನ್ ಬ್ಯಾಡ ಅಂದೇನೇನ್ರಿ?" ಎಂದಳು ಗುತ್ತೆವ್ವ. "ನನ್ನ ಗತಿ ಆಕಿಗೆ ಬರೂದ ಬ್ಯಾಡ ಅಂತ ದಿನಾ ಬೈತೇನಿ. ಆಕೀನ ಒಲ್ಲೆ ಅಂತಾಳ. ಕೇಳ್ರಿ ನೀವ."

ಸುನಿತಾ ಕೈಯಲ್ಲಿದ್ದ ಕಾಯಿಯ ಮೇಲಿಂದ ಕಣ್ಣೆತ್ತಲಿಲ್ಲ. "ಇಲ್ಲೆ ಯಾರೂ ನನ್ನ ನೋಡಿ ಸೀನಂಗಿಲ್ರಿ ಸರ" ಅಂದಳು. ಆ ಕಾಯಿಯ ತುಂಬು ಮುರಿದು, "ನೀವೂ ಸೀನಿದ್ರಲ್ರಿ" ಅಂದಳು.

ಶಶಿಕಾಂತರು ಅಂಗಿಯ ಧೂಳನ್ನೂ ಕೊಡವಿಕೊಳ್ಳದೆ ಎದ್ದರು. ಬಸ್ ಸ್ಟ್ಯಾಂಡಿನವರೆಗೂ ಜೊತೆಗೆ ನಡೆದೆವು. ಬಸ್ಸು ಹತ್ತುವಾಗ ಅವರು, "ಖರೇ ಅಂದ್ಲು ನೋಡ್ರಿ" ಅಂದರು.

ಮರುದಿನ ಸಂಜೆ ಅವರು ರಾಣೆಬೆನ್ನೂರಿನ ಬಸ್ಸನ್ನು ಬಿಟ್ಟು ಮತ್ತೆ ಗೋದಾಮಿಗೆ ಹೊರಟರು. ಕುತೂಹಲ ತಡೆಯಲಾರದೆ ನಾನೂ ಹೋದೆ. ಈ ಸಲ ಪಾಠದ ಮಾತು ಎತ್ತಲಿಲ್ಲ, ಬುದ್ಧಿ ಹೇಳಲಿಲ್ಲ. ಸೀದಾ ರಾಶಿಯ ಮುಂದೆ ಕೂತು ತುಂಬು ಬಿಡಿಸತೊಡಗಿದರು.

"ಸರ, ಇದೇನ್ರಿ ಮಾಡಾಕತ್ತೀರಿ?" ಎಂದು ಗುತ್ತೆವ್ವ ಗಾಬರಿಯಾದಳು.

"ನನ್ನ ಸೀನು ಹೋಗೂಮಟಾ ಬರತೇನಿ, ತಂಗಿ."

"ನಿಮಗ ಹೋಗಂಗಿಲ್ರಿ ಅದು" ಎಂದಳು ಸುನಿತಾ. ಅದು ಅವಮಾನವಾಗಿರಲಿಲ್ಲ; ವೈದ್ಯರು ಹೇಳುವಂಥ ಮಾತಾಗಿತ್ತು.

ಆಮೇಲೆ ಆದದ್ದು ಆಗಲೇಬೇಕಾದದ್ದು. ಶಶಿಕಾಂತರು ಸೀನಿದರು, ಕಣ್ಣಲ್ಲಿ ನೀರು ಬಂತು, "ಕೈ ಹಚ್ಚಬ್ಯಾಡ್ರಿ!" ಎಂದು ಇಡೀ ಗೋದಾಮು ಕೂಗುವಷ್ಟರಲ್ಲಿ ಅದೇ ಕೈಯಿಂದ ಕಣ್ಣೊರೆಸಿಕೊಂಡರು. ಆಮ್ಲ ಕ್ಷಾರಗಳ ಪಾಠವನ್ನು ವರ್ಷವರ್ಷವೂ ಎಚ್ಚರಿಕೆಯಿಂದ ಮಾಡುವ ಮನುಷ್ಯ ಗೋದಾಮಿನ ನಡುವೆ ಒಂದೇ ಕಾಲಿನ ಮೇಲೆ ಕುಣಿದದ್ದನ್ನು ನಾನು ಕಣ್ಣಾರೆ ಕಂಡೆ. ಸುನಿತಾ ಓಡಿಹೋಗಿ ಕೊಡ ತಂದು ಅವರ ಕಣ್ಣಿಗೆ ನೀರು ಹಾಕಿದಳು. ಹಾಕುತ್ತ ಹಾಕುತ್ತ ನಕ್ಕುಬಿಟ್ಟಳು. ಅವಳು ನಗುವುದನ್ನು ಶಾಲೆಯಲ್ಲಿ ನಾವು ಯಾರೂ ನೋಡಿರಲಿಲ್ಲ.

ಇಷ್ಟಕ್ಕೆ ಸಾಮಾನ್ಯ ಮನುಷ್ಯ ಬುದ್ಧಿ ಕಲಿಯುತ್ತಾನೆ. ಶಶಿಕಾಂತರು ದಿನಾ ಹೋದರು. ಮನೆಯಲ್ಲಿ ಅವರ ಹೆಂಡತಿ ಶೈಲಾ ಆ ಅಂಗಿಗೆಂದೇ ಬೇರೆ ಬಕೆಟ್ ಇಟ್ಟರಂತೆ. "ಮೊನ್ನೆ ಬಸ್ಸಿನ್ಯಾಗ ನನ್ನ ಮಗ್ಗಲದ ಸೀಟು ಹಲಗೇರಿತನಕ ಖಾಲೀನ ಇತ್ತು, ಕಾಲು ಚಾಚಿಕೊಂಡು ಹೋದೆ" ಎಂದು ಶಶಿಕಾಂತರು ಗೋದಾಮಿನಲ್ಲಿ ಹೇಳಿದಾಗ ಹೆಣ್ಣುಮಕ್ಕಳು ಕೆಲಸ ಬಿಟ್ಟು ನಕ್ಕರು. ಸುನಿತಾ ಮಾತ್ರ ನಗಲಿಲ್ಲ. ಆ ಖಾಲಿ ಸೀಟು ಎಂಥದೆಂದು ಅವಳಿಗೆ ಗೊತ್ತಿತ್ತು.

ತರಗತಿಯಲ್ಲಿ ಬೇರೆಯೇ ಆಟ ನಡೆದಿತ್ತು. ಒಂದು ಬೆಳಿಗ್ಗೆ ಶಶಿಕಾಂತರು ಹಿಂದಿನ ಸಂಜೆಯ ಅಂಗಿಯನ್ನು ಬಕೆಟ್ಟಿಗೆ ಹಾಕದೆ, ಮೊದಲ ಪೀರಿಯಡ್ಡಿಗೆ ಅದನ್ನೇ ಹಾಕಿಕೊಂಡು ಬಂದು, ದುರುಗೇಶನ ಬೆಂಚಿನ ಪಕ್ಕ ನಿಂತು ಪಾಠ ಮಾಡಿದರು. ದುರುಗೇಶ ಸೀನಿದ. ಚೀಲಗಳ ಮೇಲೆ ಬೆಳೆದ ಮೂಗಿಗೂ ಅಷ್ಟು ಹತ್ತಿರದ ಧೂಳನ್ನು ತಡೆಯಲಾಗಲಿಲ್ಲ; ಈ ಸಲ ಬಗ್ಗಿ ಸೀನಿದ, ಹಣೆ ಬೆಂಚಿಗೆ ಬಡಿಯಿತು.

"ಇದು ಖರೇ ಸೀನು" ಎಂದರು ಶಶಿಕಾಂತರು. "ಮೊದಲಿನ್ವು ಯಾವು, ದುರುಗೇಶ?"

ದುರುಗೇಶ ಹಣೆ ಉಜ್ಜಿಕೊಂಡ. ಶಶಿಕಾಂತರು ಕಿಟಕಿಯ ಪಕ್ಕದ ಆ ಒಂಟಿ ಬೆಂಚಿನ ಮೇಲೆ ಹೋಗಿ ಕೂತು ಪಾಠ ಮುಂದುವರಿಸಿದರು. ಊಟದ ಡಬ್ಬಿಯನ್ನೂ ಅಲ್ಲೇ ಬಿಚ್ಚಿದರು. ಒಂದು ದಿನ ದಿಲನಾಜ ತನ್ನ ಡಬ್ಬಿ ತಂದು ಪಕ್ಕದಲ್ಲಿ ಕೂತಳು. ಕೆಲವು ದಿನಗಳಲ್ಲಿ ಆ ಬೆಂಚಿನಲ್ಲಿ ಜಾಗಕ್ಕಾಗಿ ಜಗಳ ನಡೆಯಿತು. ಆಗ ಅವರು ಅದನ್ನು ಎತ್ತಿಸಿ ಉಳಿದ ಬೆಂಚುಗಳ ಸಾಲಿಗೆ ಸೇರಿಸಿದರು.

ಆ ಶನಿವಾರ ಅವರು ಗೋದಾಮಿನಲ್ಲಿ ಸುನಿತಾಳ ಎದುರು ನಿಂತು, "ಈಗ ಪರೀಕ್ಷಾ ಮಾಡು" ಅಂದರು.

ಸುನಿತಾ ಅನುಮಾನದಿಂದ ನೋಡಿದಳು. ಆಮೇಲೆ ಒಂದು ಖಾಲಿ ಚೀಲ ಎತ್ತಿ, ಅವರ ಮೂಗಿನ ಮುಂದೆಯೇ, ಒಂದಿಷ್ಟೂ ಗುರುಭಕ್ತಿ ತೋರಿಸದೆ ಝಾಡಿಸಿದಳು. ಶಶಿಕಾಂತರ ಮುಖ ಕೆಂಪಾಯಿತು, ಮೂಗು ಅರಳಿತು, ಕತ್ತಿನ ನರಗಳು ಉಬ್ಬಿದವು. ಸೀನು ಬರಲಿಲ್ಲ. ಅದು ಹೋಗಿತ್ತೋ, ಅವರು ಒಳಗೇ ಕಟ್ಟಿಹಾಕಿದ್ದರೋ ನಾನು ಇವತ್ತಿಗೂ ಕೇಳಿಲ್ಲ. ಎರಡರಲ್ಲಿ ಯಾವುದೇ ಆಗಿದ್ದರೂ ನಾನು ಆ ಮನುಷ್ಯನಿಗೆ ಎದ್ದು ನಿಲ್ಲುತ್ತೇನೆ.

"ಸೋಮವಾರ ಹೋಗವಾ ಸಾಲಿಗೆ" ಎಂದಳು ಗುತ್ತೆವ್ವ. "ಇಲ್ಲಂದ್ರ ಮಾಸ್ತರ ಇಲ್ಲೇ ಸಾಯ್ತಾರ."

ಸೋಮವಾರ ಸುನಿತಾ ಬಾಗಿಲಲ್ಲಿ ಬಂದು ನಿಂತಳು. ಲಂಗದ ನೆರಿಗೆಯಲ್ಲಿ ಎಂದಿನ ಕೆಂಪು ಇತ್ತು. ತರಗತಿ ಉಸಿರು ಬಿಗಿಹಿಡಿದಿತ್ತು. ದುರುಗೇಶ ಅವಳ ಮುಖ ನೋಡಲಾರದೆ, ಯಾರೂ ಹೇಳದಿದ್ದರೂ ಎದ್ದುಹೋಗಿ ಡಸ್ಟರ್ ತಗೊಂಡು ಖಾಲಿ ಬೋರ್ಡನ್ನೇ ಗಸಗಸ ಒರೆಸತೊಡಗಿದ. ಯಾರೂ ಸೀನಲಿಲ್ಲ. ದಿಲನಾಜ ಸರಿದು ಜಾಗ ಕೊಟ್ಟಳು.

ಅಷ್ಟು ಹೊತ್ತಿಗೆ ಕರಬಸಪ್ಪನವರು ತಾವೇ ಹಾಜರಿ ಪುಸ್ತಕ ಹಿಡಿದು ಬಂದರು. ಪಾಪ, ಆ ಬೆಂಚಿನ ವಿಷಯ ಅವರನ್ನೂ ಕೊರೆದಿರಬೇಕು. "ಸುನಿತಾ" ಎಂದು ಕೂಗಿ ಪೆನ್ನನ್ನು ಅವಳ ಹೆಸರಿನ ಮುಂದೆ ಇಟ್ಟರು.

ದುರುಗೇಶ ಎಬ್ಬಿಸಿದ ಸೀಮೆಸುಣ್ಣದ ಧೂಳು ಆಗ ಅವಳನ್ನು ತಲುಪಿತು. ಸುನಿತಾ ಸೀನಿದಳು. ಒಂದೇ ಸೀನು.

ಕರಬಸಪ್ಪನವರ ಪೆನ್ನು ಮೇಲೆದ್ದಿತು. ಶಶಿಕಾಂತರು ಕಿಟಕಿಯ ಬಳಿ ಕಲ್ಲಾಗಿ ನಿಂತರು. ಹೆಡ್‌ಮಾಸ್ತರರ ನಂಬಿಕೆ ಗೊತ್ತಿಲ್ಲದ ಮಗು ನಮ್ಮ ಶಾಲೆಯಲ್ಲಿಲ್ಲ.

"ಇನ್ನೊಂದು ಸೀನ ಸುನಿತಾ, ಲಗೂ!" ಎಂದು ಕೂಗಿದವನು ದುರುಗೇಶ. ಕೂಗಿದ್ದಷ್ಟೇ ಅಲ್ಲ, ಅವಳ ಬೆಂಚಿನ ಬಳಿ ಓಡಿಬಂದು ಡಸ್ಟರನ್ನು ಪಟಪಟ ಬಡಿದ.

ಸುನಿತಾ ಮೂಗು ಮೇಲೆತ್ತಿದಳು. ಇಡೀ ಒಂಬತ್ತನೆಯ ತರಗತಿ ಅವಳ ಜೊತೆ ಮೂಗು ಮೇಲೆತ್ತಿತು. ಬಂತು.

ಕರಬಸಪ್ಪನವರು ಪೆನ್ನು ಇಳಿಸಿ, ಹಾಜರಿ ಹಾಕಿದರು.