ಎಂಜಿನ್ನಿಗೆ ಅಳತೆ

ಅಪ್ಪನ ಕಾರು ನಮ್ಮ ಹೊಲಿಗೆ ಅಂಗಡಿಯ ಹಿಂದಿನ ಶೆಡ್ಡಿನಲ್ಲಿ ಹನ್ನೊಂದು ವರ್ಷ ನಿಂತಿತ್ತು. ಅಪ್ಪ ಟ್ಯಾಕ್ಸಿ ಓಡಿಸುತ್ತಿದ್ದವನು. ಒಂದು ದಿನ ಎಂಜಿನ್ ಜಾಮ್ ಆಯಿತು. ನಾಲ್ಕು ಜನ ತಳ್ಳಿ ತಂದು ಒಳಗೆ ನಿಲ್ಲಿಸಿದರು. ಅಪ್ಪ ಬೇರೆಯವರ ಗಾಡಿ ಓಡಿಸಲು ಹೋದ, ಕೆಲವು ವರ್ಷ ಕಳೆದ ಮೇಲೆ ಸತ್ತ. ಕಾರು ಅಲ್ಲೇ ಉಳಿಯಿತು. ಬಾಲ ಬಾಗಿಲ ಕಡೆ, ಮೂಗು ಒಳಗೆ, ಸ್ಟೇರಿಂಗ್ ಇರುವ ಪಕ್ಕ ಗೋಡೆಗೆ ಒಂದು ಗೇಣು ದೂರದಲ್ಲಿ. ಟೈರುಗಳು ಚಪ್ಪಟೆಯಾಗಿ ನೆಲಕ್ಕೆ ಅಂಟಿಕೊಂಡಿದ್ದವು. ಮೇಲೆ ಹಳೆಯ ಪರದೆ ಬಟ್ಟೆ ಹೊದಿಸಿದ್ದೆವು.

ಮಧ್ಯಾಹ್ನ ಊಟವಾದ ಮೇಲೆ ಅರ್ಧ ಗಂಟೆ ನಾನು ಅದರ ಹಿಂದಿನ ಸೀಟಿನಲ್ಲಿ ಮಲಗುತ್ತಿದ್ದೆ. ಹೆಂಚಿನ ಸಂದಿಯಿಂದ ಇಳಿದ ಬಿಸಿಲಿನಲ್ಲಿ ನೂಲಿನ ಧೂಳು ತೇಲುತ್ತಿರುತ್ತಿತ್ತು. ಗೋಡೆಯ ಆಚೆ ಅಕ್ಕ ಹೊಲಿಗೆ ಮೆಷಿನ್ ಒತ್ತಿದರೆ ಅದರ ಗುಂಯ್ ಎನ್ನುವ ಸದ್ದು ಇಟ್ಟಿಗೆಯೊಳಗಿಂದ ಬಂದು ಕಾರಿನ ತಗಡಿಗೆ ತಗಲುತ್ತಿತ್ತು. ಕಣ್ಣು ಮುಚ್ಚಿದರೆ ಸಾಕು, ಕಾರು ಹೊರಟುಬಿಡುತ್ತಿತ್ತು. ಉದ್ದನೆಯ ಸೇತುವೆ, ಕೆಳಗೆ ಬಿಳಿ ನೀರು, ಎರಡೂ ಕಡೆ ಬೀಗ ಹಾಕಿದ ಮನೆಗಳು. ಅಕ್ಕ ದಾರ ಕತ್ತರಿಸಲು ನಿಲ್ಲಿಸಿದಾಗ ಕಾರು ಯಾವುದೋ ಸಿಗ್ನಲ್ಲಿನಲ್ಲಿ ನಿಲ್ಲುತ್ತಿತ್ತು. ಅವಳು ಮತ್ತೆ ಒತ್ತಿದರೆ ಮತ್ತೆ ಚಲಿಸುತ್ತಿತ್ತು. ಒಂದು ದಿನ ಹೀಗೆ ತೇಲುತ್ತಿರುವಾಗಲೇ ಅಕ್ಕ ಶೆಡ್ಡಿನ ಬಾಗಿಲಲ್ಲಿ ಬಂದು ನಿಂತಳು.

"ಎದ್ದೇಳು. ಗುಜರಿಯವನಿಗೆ ಹೇಳಿದೀನಿ. ಮೂರು ಸ್ಕೂಲಿನ ಯೂನಿಫಾರ್ಮ್ ಬಂದಿದೆ. ಮುಂದಿನ ತಿಂಗಳು ಇಪ್ಪತ್ತನೇ ತಾರೀಕು ಬಟ್ಟೆ ಇಳಿಯತ್ತೆ. ಅಷ್ಟರೊಳಗೆ ಶೆಡ್ ಖಾಲಿ ಆಗ್ಬೇಕು."

"ನಾನು ಓಡಿಸ್ತೀನಿ."

"ಏನನ್ನ?"

"ಕಾರನ್ನ. ಬೇರೆ ಎಂಜಿನ್ ಹಾಕಿ."

ಅಕ್ಕನ ಬಾಯಲ್ಲಿ ಗುಂಡುಸೂಜಿಗಳಿದ್ದವು. ಅವನ್ನು ಒಂದೊಂದಾಗಿ ತೆಗೆದು ಸೆರಗಿಗೆ ಚುಚ್ಚಿಕೊಂಡು, ಆಮೇಲೆ ನಕ್ಕಳು. "ಸೂಜಿಗೆ ದಾರ ಪೋಣಿಸೋಕೆ ನಾಲ್ಕು ಸಲ ಎಂಜಲು ಹಚ್ತೀಯ. ಎಂಜಿನ್ ಹಾಕ್ತಾಳಂತೆ."

ನಾನು ಸೀಟು ಬಿಟ್ಟು ಏಳಲಿಲ್ಲ. ಅವಳು ಕಾರನ್ನು ನೋಡಿ ಹೇಳಿದಳು: "ನಲವತ್ತು ದಿನ ಇದೆ. ತಾನಾಗಿ ಉರುಳಿ ಬಾಗಿಲು ದಾಟಿದ್ರೆ ನಿಂದು. ಆವತ್ತು ಒಂದು ಕೈ ತಳ್ಳಿದ್ರೂ ಗುಜರಿಯವಂದು. ಆಮೇಲೆ ಮೂತಿ ಉದ್ದ ಮಾಡ್ಕೊಂಡು ಕೂರಬಾರ್ದು."

ಅಪ್ಪನ ನೆನಪಿಗಾಗಿ ಎಂದು ಬೀದಿಯವರು ಮಾತಾಡಿಕೊಂಡರು. ಅದಲ್ಲ. ಅಪ್ಪ ನಮ್ಮನ್ನು ಆ ಕಾರಿನಲ್ಲಿ ಒಂದು ಸಲವೂ ಕೂರಿಸಿಕೊಂಡು ಹೋದವನಲ್ಲ. ಮೀಟರ್ ತಿರುಗದೆ ಅವನ ಚಕ್ರ ತಿರುಗುತ್ತಿರಲಿಲ್ಲ. ನನಗೆ ಬೇಕಾಗಿದ್ದದ್ದು ಇಷ್ಟೇ: ನಾನು ಎಚ್ಚರವಾಗಿದ್ದಾಗಲೂ ಅದು ಚಲಿಸಬೇಕು.

ಎಂಜಿನ್ ಸಿಕ್ಕಿದ್ದೂ ಗುಜರಿಯವನ ಹತ್ತಿರವೇ. ಹಿಂದಿನಿಂದ ಲಾರಿ ಗುದ್ದಿ ಅರ್ಧ ಮಡಚಿಹೋಗಿದ್ದ ವ್ಯಾನಿನದು. ಮುಂಭಾಗ ಹಾಗೇ ಇತ್ತು. ಗೇರ್ ಬಾಕ್ಸ್ ಸಮೇತ ಕೊಟ್ಟ. "ತಗೊಂಡ್ ಹೋಗಮ್ಮ, ಹೇಗಿದ್ರೂ ವಾಪಸ್ ನಂಗೇ ಬರತ್ತೆ" ಎಂದು ತಾನೇ ಕೈಗಾಡಿಯಲ್ಲಿ ತಂದು ಇಳಿಸಿದ.

ಎದುರು ಸಾಲಿನ ವೆಲ್ಡರ್ ಕಬ್ಬಿಣದ ಮೂರು ಪೈಪು ಜೋಡಿಸಿ, ಅದಕ್ಕೆ ಚೈನ್ ಪುಲ್ಲಿ ಕಟ್ಟಿ, ಹಳೆಯ ಎಂಜಿನ್ ಮೇಲೆತ್ತಲು ನೆರವಾದ. ಅಪ್ಪನ ವಯಸ್ಸಿನವನು, ಆದರೂ ಬೀದಿಗೆಲ್ಲ ಅಣ್ಣ. ಹಳೆಯ ಎಂಜಿನ್ ಹುಳುಕು ಹಲ್ಲು ಕಿತ್ತು ಬಂದ ಹಾಗೆ ಬಂತು. ಕಳಚಿದ ಒಂದೊಂದು ವೈರಿಗೂ ಪೈಪಿಗೂ ನಾನು ಅಂಗಡಿಯ ಚೀಟಿ ಚುಚ್ಚಿದೆ. ಗಿರಾಕಿಗಳ ಬಟ್ಟೆಗೆ ಹಚ್ಚುವ ಚೀಟಿಗಳೇ. ಹಾಗಾಗಿ ರೇಡಿಯೇಟರಿನ ಮೇಲ್ಪೈಪಿನ ಹೆಸರಿನ ಕೆಳಗೆ ತೋಳು, ಕೊರಳು, ಸೊಂಟ ಎಂದು ಅಚ್ಚಾದ ಖಾಲಿ ಗೆರೆಗಳಿರುತ್ತಿದ್ದವು.

ಎಂಜಿನ್ ಇಲ್ಲದ ಆ ಗುಂಡಿಯನ್ನು ಸೀಮೆಎಣ್ಣೆಯಿಂದ ತೊಳೆದೆ. ಬೆಳಗಿನ ಹೊತ್ತು, ಅಂಗಡಿ ತೆರೆಯುವ ಮೊದಲು, ಅದರೊಳಗೆ ಇಳಿದು ನಿಂತುಕೊಳ್ಳುತ್ತಿದ್ದೆ. ಸೊಂಟದವರೆಗೆ ಕಾರು, ಮೇಲೆ ನಾನು. ಹೊರಗೆ ಮಂಜು ಬಿದ್ದಿದ್ದರೆ ಬೀದಿ ಕಾಣುತ್ತಿರಲಿಲ್ಲ, ಸೈಕಲ್ ಬೆಲ್ಲುಗಳು ಮಾತ್ರ ಹಾದುಹೋಗುತ್ತಿದ್ದವು. ಮಾಡುವ ಕೆಲಸ ಬೆಟ್ಟದಷ್ಟಿತ್ತು. ಆದರೂ ಹತ್ತು ನಿಮಿಷ ಸುಮ್ಮನೆ ನಿಲ್ಲುತ್ತಿದ್ದೆ.

ವ್ಯಾನಿನ ಎಂಜಿನ್ ಹಳೆಯದಕ್ಕಿಂತ ದಪ್ಪ. ಕಾರಿನ ಚಾಸಿಯ ಮೇಲೆ ಅದು ಕೂರಬೇಕಾದರೆ ಎರಡೂ ಪಕ್ಕ ಹಿಡಿದು ನಿಲ್ಲಿಸಲು ಕಬ್ಬಿಣದ ಎರಡು ಹೊಸ ಕಾಲು ಮಾಡಿಸಬೇಕಿತ್ತು.

"ಅಳತೆ ಕೊಡು" ಎಂದ ವೆಲ್ಡರ್. "ಕಬ್ಬಿಣಕ್ಕೆ ಅಂದಾಜು ನಡೆಯಲ್ಲ."

"ಅಣ್ಣಾ, ಅಳತೆ ವಿಷಯ ನಮಗೆ ಹೇಳ್ತೀರಾ?"

ಹದಿನಾಲ್ಕು ವರ್ಷ ಅದೇ ಕೆಲಸ ಮಾಡಿದ್ದೆ. ಕಾಲರಿನೊಳಗೆ ಇಡುವ ದಪ್ಪ ಕ್ಯಾನ್ವಾಸ್ ತೆಗೆದುಕೊಂಡು ಗುಂಡಿಯೊಳಗೆ ಹಾಸಿ, ಸೀಮೆಸುಣ್ಣದಲ್ಲಿ ಗೆರೆ ಎಳೆದು, ಕತ್ತರಿಸಿ, ಮತ್ತೆ ಇಟ್ಟು ನೋಡಿ, ಒಂದು ನೂಲೂ ಆಚೀಚೆ ಆಗದ ಪ್ಯಾಟರ್ನ್ ತೆಗೆದೆ. ಚಂದವಾಗಿತ್ತು. ವೆಲ್ಡರ್ ಎತ್ತಿ ಹಿಡಿದು ನೋಡಿ ತಲೆದೂಗಿದ. ಅದೇ ಅಳತೆಗೆ ಎರಡು ಕಾಲು ಬೆಸೆದುಕೊಟ್ಟ. ಹಿಂದಿನ ಚಕ್ರಗಳಿಗೆ ಹೋಗುವ ಉದ್ದನೆಯ ಶಾಫ್ಟನ್ನೂ ಕತ್ತರಿಸಿ ಗಿಡ್ಡ ಮಾಡಿಕೊಟ್ಟ.

ಹದಿನಾರನೇ ತಾರೀಕು ಬೆಳಿಗ್ಗೆ ಎಂಜಿನ್ ಇಳಿಸಿದೆವು. ಅವನು ಚೈನ್ ಬಿಡುತ್ತಾ ಹೋದ, ನಾನು ಎರಡೂ ಕೈಯಲ್ಲಿ ಎಂಜಿನ್ ಹಿಡಿದು ದಾರಿ ತೋರಿಸುತ್ತಾ ಹೋದೆ. ಇಳಿಯಿತು, ಇಳಿಯಿತು, ನಿಂತುಬಿಟ್ಟಿತು. ಒಂದು ಕಾಲು ತನ್ನ ಜಾಗದಲ್ಲಿ ಸರಿಯಾಗಿ ಕೂತಿತ್ತು. ಗೋಡೆಯ ಕಡೆಯ ಇನ್ನೊಂದು ಕಾಲು ನಾಲ್ಕು ಬೆರಳು ಮೇಲೆ, ಸ್ಟೇರಿಂಗ್ ಕಂಬಿಯ ಬುಡದಲ್ಲಿದ್ದ ಸ್ಟೇರಿಂಗ್ ಬಾಕ್ಸಿನ ತಲೆಯ ಮೇಲೆ ಹತ್ತಿ ಕೂತಿತ್ತು. ಎಂಜಿನ್ ಬಸ್ಸಿನಲ್ಲಿ ನಿದ್ದೆಹೋದವನ ತಲೆಯ ಹಾಗೆ ವಾಲಿಕೊಂಡಿತು.

"ಈ ಕಡೆ ಸ್ಟೇರಿಂಗ್ ಬಾಕ್ಸ್ ಇದೆಯಲ್ಲಮ್ಮ. ಅಳತೆ ತೆಗೆಯುವಾಗ ಕಾಣಲಿಲ್ವಾ?"

"ಆ ಕಡೆ ತೆಗೀಲಿಲ್ಲ ಅಣ್ಣಾ. ಗೋಡೆ ಅಡ್ಡ ಇತ್ತು. ಅರ್ಧ ಪ್ಯಾಟರ್ನ್ ತೆಗೆದಿದ್ದೆ."

"ಇನ್ನರ್ಧ?"

"ಕ್ಯಾನ್ವಾಸ್ ಮಡಚಿ ಕತ್ತರಿಸಿದೆ."

ನಾವು ಹಾಗೇ ಮಾಡುವುದು. ಬಟ್ಟೆಯನ್ನು ನಡುವೆ ಮಡಚಿ, ಅರ್ಧ ಬೆನ್ನಿನ ಪ್ಯಾಟರ್ನ್ ಮಡಿಕೆಗೆ ತಾಗಿಸಿ ಇಟ್ಟು ಕತ್ತರಿಸುತ್ತೇವೆ. ಬಿಡಿಸಿದರೆ ಪೂರ್ತಿ ಬೆನ್ನು. ದಿನಕ್ಕೆ ಇಪ್ಪತ್ತು ಸಲ ಮಾಡುವ ಕೆಲಸ. ಕೈ ಯೋಚನೆ ಮಾಡಲಿಲ್ಲ.

ವೆಲ್ಡರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಸ್ಟೂಲಿನ ಮೇಲೆ ಕೂತು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕ. "ಎಂಥೆಂಥಾ ದಡ್ಡರನ್ನ ನೋಡಿದೀನಿ ತಾಯಿ. ಗಾಡಿನ ಮಡಚಿದವಳು ನೀನೊಬ್ಬಳೇ."

"ನೀವಾದ್ರೂ ನೋಡ್ಬಾರ್ದಿತ್ತಾ?"

"ನಾನು ಕೊಟ್ಟ ಅಳತೆಗೆ ಬೆಸೆಯೋನು. ಗಿರಾಕಿ ತಂದ ಅಳತೆ ಮೇಲೆ ನೀನು ಜಗಳ ಆಡ್ತೀಯಾ?"

ಅವನು ಹೋದ. ನಾಲ್ಕು ದಿನ ಉಳಿದಿತ್ತು. ವಾಲಿ ಸರಪಳಿಗೆ ಜೋತಿದ್ದ ಎಂಜಿನ್ನಿನ ಪಕ್ಕದಲ್ಲಿ ನಾನು ಕೂತೆ. ಅಳಲಿಲ್ಲ. ನಿದ್ದೆ ಬಂತು. ಬಾಗಿಲಲ್ಲಿ ನೆರಳು ಬಿದ್ದಾಗ ಮಧ್ಯಾಹ್ನವಾಗಿತ್ತು. ಅಕ್ಕ ಒಳಗೆ ಬಂದು ಸುತ್ತ ನೋಡಿದಳು.

"ಕಾರಿನ ಮೈಯೇ ಸೊಟ್ಟ ಇದೆ ಅಕ್ಕಾ" ಎಂದೆ.

"ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ." ಕ್ಯಾನ್ವಾಸ್ ಪ್ಯಾಟರ್ನ್ ಎತ್ತಿಕೊಂಡಳು, ಬಿಡಿಸಿದಳು, ನಡುವಿನ ಮಡಿಕೆಯ ಮೇಲೆ ಉಗುರು ಎಳೆದಳು. ಅವಳ ಮುಖ ಬಿಗಿಯಿತು. "ಯಾರು ಕಟ್ ಮಾಡಿದ್ದು ಇದನ್ನ?"

"ನಾನೇ."

"ನೀನೇ ಅಂತ ಕಾಣ್ತಿದೆ. ನನ್ನ ಹತ್ರ ಕೆಲಸ ಕಲಿತವಳು ಮಾಡಿದ್ದಾ ಇದು ಅಂತ ಕೇಳ್ತಿದೀನಿ. ಒಂದು ಹೆಗಲು ಇಳಿದಿರೋ ವಕೀಲರು ಬರ್ತಾರಲ್ಲ, ಅವರ ಕೋಟನ್ನೂ ಹೀಗೇ ಮಡಚಿ ಕತ್ತರಿಸ್ತೀಯಾ?"

"ಇಲ್ಲ. ಎರಡೂ ಕಡೆ ಬೇರೆ ಬೇರೆ ಅಳತೆ."

"ಆಮೇಲೆ?"

"ಬೆನ್ನಿನ ನಡುಗೆರೆನ ಸ್ವಲ್ಪ ಪಕ್ಕಕ್ಕೆ..."

ಎಂಜಿನ್ ಕಾರಿನ ನಟ್ಟನಡುವೆ ಕೂರಲೇಬೇಕು ಎಂದು ಅಷ್ಟು ದಿನ ಅಂದುಕೊಂಡಿದ್ದೆ. ಹಾಗಂತ ಯಾರೂ ಹೇಳಿರಲಿಲ್ಲ.

ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಎಂಜಿನ್ನನ್ನು ಮೇಲಕ್ಕೆಳೆಯುವಂತೆ ಕೈಸನ್ನೆ ಮಾಡಿದಳು. ಮಡ್‌ಗಾರ್ಡಿನ ಮೇಲೆ ಹೊಟ್ಟೆ ಊರಿ ಮಲಗಿ ಗೋಡೆಯ ಕಡೆಯ ಕತ್ತಲೆಗೆ ಕೈ ಬಿಟ್ಟಳು. ಅಲ್ಲಿ ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ, ಹಾಗಾಗಿ ಅವಳು ಕಣ್ಣು ಮುಚ್ಚಿಕೊಂಡಳು. ಬೆರಳುಗಳು ಒಳಗೆ ಮೆಲ್ಲಗೆ ನಡೆದವು. "ಎರಡೂಕಾಲು. ಇಲ್ಲಿ ಉಬ್ಬಿದೆ. ಕಂಕುಳ ತರ ಸುತ್ತಿಸ್ಬೇಕು. ಆಮೇಲೆ ಒಂದೂವರೆ. ಬರ್ಕೋ." ಹೆಂಚಿನ ಬಿಸಿಲು ಅವಳ ಬೆನ್ನ ಮೇಲೆ ನಾಣ್ಯಗಳಂತೆ ಬಿದ್ದಿತ್ತು. ನಾನು ಬರೆದುಕೊಳ್ಳುತ್ತಿದ್ದೆ. ಅವಳ ದನಿ ನೀರಿನಡಿಯಿಂದ ಬಂದ ಹಾಗಿತ್ತು. ಆ ಒಂದು ಗಂಟೆ ನನಗೆ ಈಗಲೂ ನಡೆದದ್ದೋ ಕನಸಲ್ಲಿ ಕಂಡದ್ದೋ ಎಂದು ಸರಿಯಾಗಿ ಹೇಳಲು ಬರುವುದಿಲ್ಲ. ನೋಟ್ ಬುಕ್ಕಿನಲ್ಲಿ ಅಳತೆಗಳು ಮಾತ್ರ ಇವೆ.

ಎದ್ದಾಗ ಅವಳ ಮೊಣಕೈವರೆಗೂ ಗ್ರೀಸು. "ನಿನ್ನ ಗಾಡಿಗೋಸ್ಕರ ಅಲ್ಲ" ಎಂದಳು. "ಇಪ್ಪತ್ತಕ್ಕೆ ಶೆಡ್ ನಂಗೆ ಬೇಕೇ ಬೇಕು. ಆದ್ರೆ ಇಷ್ಟು ಕೆಟ್ಟ ಕಟಿಂಗ್ ನಮ್ಮ ಅಂಗಡಿಯಿಂದ ಹೊರಗೆ ಹೋಗ್ಬಾರ್ದು. ಗುಜರಿಗೆ ಹೋದ್ರೂ ನೆಟ್ಟಗೆ ಹೋಗ್ಲಿ."

ವೆಲ್ಡರ್ ಗೋಡೆ ಕಡೆಯ ಕಾಲನ್ನು ಕತ್ತರಿಸಿ, ಅಕ್ಕ ಕಬ್ಬಿಣದ ಮೇಲೆ ಸೀಮೆಸುಣ್ಣದಲ್ಲಿ ಎಳೆದ ಗೆರೆಯ ಪ್ರಕಾರ ಬಳಸಿಕೊಂಡು ಹೋಗುವ ಹಾಗೆ ಬೆಸೆದ. ಆಚೆಯ ಕಾಲನ್ನು ಒಂದು ಇಂಚು ಗಿಡ್ಡ ಮಾಡಿದ. ಹದಿನೆಂಟರಂದು ಎಂಜಿನ್ ಇಳಿದು, ನಡುವಿನಿಂದ ಒಂದು ಇಂಚು ಪಕ್ಕಕ್ಕೆ, ಸದ್ದಿಲ್ಲದೆ ಕೂತಿತು. ಉಳಿದ ಎರಡು ದಿನ ವೈರು, ಪೈಪು, ಹೊಸ ಬ್ಯಾಟರಿ, ಟೈರಿಗೆ ಗಾಳಿ, ಹಿಡಿದುಕೊಂಡಿದ್ದ ಬ್ರೇಕು. ಚೀಟಿ ನೋಡುತ್ತಾ ಒಂದೊಂದೇ ಜೋಡಿಸಿದೆ. ಮೂರು ಚೀಟಿ ಉಳಿದವು. ಗ್ರೀಸಿನಲ್ಲಿ ಹೆಸರು ಅಳಿಸಿ ಅವು ಯಾವುದಕ್ಕೆ ಸೇರಿದವು ಎಂದು ಗೊತ್ತಾಗಲಿಲ್ಲ, ಜೇಬಿಗೆ ಹಾಕಿಕೊಂಡೆ.

ಇಪ್ಪತ್ತನೇ ತಾರೀಕು ಹನ್ನೊಂದು ಗಂಟೆಗೆ ಬಟ್ಟೆಯ ಲಾರಿ ಬಂತು. ಅದರ ಹಿಂದೆಯೇ ಗುಜರಿಯವನು, ಹಗ್ಗ ಹೆಗಲಿಗೆ ಹಾಕಿಕೊಂಡು.

ನಾನು ಆಚೆ ಬಾಗಿಲಿನಿಂದ ಹತ್ತಿ, ಸೀಟಿನ ಮೇಲೆ ಜಾರಿ ಸ್ಟೇರಿಂಗಿನ ಹಿಂದೆ ಕೂತೆ. ನನ್ನ ಹತ್ತಿರ ಲೈಸೆನ್ಸ್ ಇತ್ತು. ಡ್ರೈವಿಂಗ್ ಸ್ಕೂಲಿನ ಕಾರಲ್ಲದೆ ಬೇರೆ ಯಾವುದನ್ನೂ ಓಡಿಸಿರಲಿಲ್ಲ, ಅದರಲ್ಲಿ ಮೇಷ್ಟರ ಕಾಲಿನ ಕೆಳಗೂ ಒಂದು ಬ್ರೇಕ್ ಇರುತ್ತಿತ್ತು. ಕೀಲಿ ತಿರುಗಿಸಿದೆ. ಕೆಮ್ಮಿತು. ಇನ್ನೊಂದು ಸಲ. ಕೆಮ್ಮಿತು, ಬಿಕ್ಕಿತು, ನಿಂತಿತು. ಗುಜರಿಯವನು ಹಗ್ಗವನ್ನು ಈ ಹೆಗಲಿನಿಂದ ಆ ಹೆಗಲಿಗೆ ಬದಲಿಸಿದ. ಮೂರನೇ ಸಲಕ್ಕೆ ಹತ್ತಿಕೊಂಡಿತು. ಶೆಡ್ಡಿನ ಹೆಂಚುಗಳೆಲ್ಲ ಗದಗದ ನಡುಗಿದವು, ಹನ್ನೊಂದು ವರ್ಷದ ನೂಲಿನ ಧೂಳು ಒಟ್ಟಿಗೆ ಮೇಲೆದ್ದು, ಎದುರಿನ ಗಾಜಿನಲ್ಲಿ ಬಿಳಿ ಬಿಟ್ಟು ಬೇರೇನೂ ಇರಲಿಲ್ಲ. ರಿವರ್ಸ್ ಹಾಕಿ ಕ್ಲಚ್ ಬಿಟ್ಟೆ. ಏನೂ ಆಗುತ್ತಿಲ್ಲ ಅಂದುಕೊಂಡೆ. ಆಮೇಲೆ ನೋಡಿದರೆ ಪಕ್ಕದ ಗೋಡೆ ಮುಂದಕ್ಕೆ ಹೋಗುತ್ತಿತ್ತು. ನಿಧಾನವಾಗಿ, ತನ್ನ ಪಾಡಿಗೆ ತಾನು, ಇಟ್ಟಿಗೆ ಇಟ್ಟಿಗೆಯಾಗಿ.

"ಯಾರೂ ಮುಟ್ಟಬೇಡಿ!" ಅಕ್ಕ ಹಮಾಲರ ಮೇಲೆ ಕಿರುಚುತ್ತಿದ್ದಳು. "ಕೈ ತೆಗೀರಿ ಅಂದ್ನಲ್ಲ!"

ಕಾರು ಹೊಸ್ತಿಲು ದಾಟಿ ಬೀದಿಗೆ ಬಂತು. ಮೂಗು ಹೊರಬಿದ್ದದ್ದೇ ತಡ, ಹಮಾಲರು ಬಟ್ಟೆಯ ಗಂಟುಗಳನ್ನು ಒಳಗೆ ಎಸೆಯತೊಡಗಿದರು. ಐದು ನಿಮಿಷದಲ್ಲಿ ಶೆಡ್ ಅರ್ಧ ತುಂಬಿತು.

"ಗೆದ್ರಿ, ಒಪ್ಪಿಕೊಂಡೆ" ಎಂದ ಗುಜರಿಯವನು. "ಈಗ ಇದನ್ನ ಎಲ್ಲಿ ಇಡ್ತೀರಾ?"

ನಾನೂ ಅಕ್ಕನೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಹೊರಗೆ ಬರುತ್ತದೋ ಇಲ್ಲವೋ ಎನ್ನುವುದನ್ನು ಬಿಟ್ಟು ಆ ನಲವತ್ತು ದಿನ ನಮಗೆ ಬೇರೇನೂ ತಲೆಗೆ ಬಂದಿರಲಿಲ್ಲ. ಬೀದಿ ಒಂದು ಲಾರಿಯಷ್ಟು ಅಗಲ. ಹಿಂದಿನಿಂದ ಯಾರೋ ಹಾರ್ನ್ ಹೊಡೆಯಲು ಶುರುಮಾಡಿದರು.

ಅಕ್ಕ ಬಾಗಿಲು ತೆರೆದು ಒಳಗೆ ಬಂದು ಕೂತಳು.

"ಅಂಗಡಿ?"

"ಹಮಾಲರು ಇಳಿಸಿ ಮುಗಿಸೋಕೆ ಇನ್ನೂ ಹೊತ್ತಿದೆ. ಟ್ರಯಲ್ ನೋಡದೆ ನಾನು ಯಾರಿಗೂ ಬಟ್ಟೆ ಕೊಟ್ಟಿಲ್ಲ. ಆ ಕಾಲು ನನ್ನ ಕಟಿಂಗು. ನಡಿ."

ಒಂದನೇ ಗೇರಿನಲ್ಲಿ ಬೀದಿ ದಾಟಿದೆವು. ವೆಲ್ಡರ್ ಕಣ್ಣಿನ ಕಪ್ಪು ಕನ್ನಡಕ ಹಣೆಗೇರಿಸಿ ನಿಂತಿದ್ದ, ಅವನ ಬಾಯಿ ಆಡಿತು, ಏನಂದನೋ ಕೇಳಿಸಲಿಲ್ಲ. ನಾವು ಬಟ್ಟೆ ಕೊಟ್ಟುಬರಲು ನಡೆದುಹೋಗುವ ಮನೆಗಳು ಬಂದವು, ಹೋದವು. ಕಿಟಕಿಗಳಲ್ಲಿ ನಾವೇ ಹೊಲಿದ ಪರದೆಗಳು. ಅಕ್ಕ ಅಂಗೈಯನ್ನು ಡ್ಯಾಶ್‌ಬೋರ್ಡಿನ ಮೇಲಿಟ್ಟು, ಬಿಗಿ ಎಲ್ಲಿ, ಸಡಿಲ ಎಲ್ಲಿ ಎಂದು ಗಿರಾಕಿಯ ಬೆನ್ನು ನೋಡುವ ಹಾಗೆ ನೋಡುತ್ತಿದ್ದಳು. ದೊಡ್ಡ ರಸ್ತೆಗೆ ಬಂದಾಗ ಎರಡನೇ ಗೇರು ಸಿಕ್ಕಿತು. ಸದ್ದು ಇಳಿದು ಮೆತ್ತಗಾಯಿತು. ಎರಡೂ ಕಡೆಯ ಮರಗಳು ಯಾರೋ ಬಟ್ಟೆಯ ಥಾನು ಬಿಡಿಸಿದ ಹಾಗೆ ಬಿಚ್ಚಿಕೊಳ್ಳುತ್ತಾ ಬಂದವು. ಎಲ್ಲಿಯೂ ನಿಲ್ಲಿಸುವ ಜಾಗ ಕಾಣಲಿಲ್ಲ. ಕಂಡರೂ ನಿಲ್ಲಿಸುತ್ತಿದ್ದೆನೋ ಗೊತ್ತಿಲ್ಲ.

"ಪೆಟ್ರೋಲ್ ಎಷ್ಟಿದೆ?" ಎಂದಳು ಅಕ್ಕ.

"ಎರಡು ಲೀಟರ್ ಹಾಕಿದ್ದೆ."

"ಅದು ಎಲ್ಲಿವರೆಗೆ ಬರತ್ತೆ?"

"ಗೊತ್ತಿಲ್ಲ ಅಕ್ಕಾ. ಮುಳ್ಳು ಕೆಲಸ ಮಾಡ್ತಿಲ್ಲ."

"ಹಾಗಾದ್ರೆ ಅಲ್ಲಿವರೆಗೆ ಹೋಗಿ ಅಲ್ಲೇ ಇಡೋಣ" ಎಂದು, ಬಿಗಿದುಹೋಗಿದ್ದ ಕಿಟಕಿಯ ಗಾಜನ್ನು ಎರಡೂ ಕೈಯಿಂದ ಹಿಡಿಕೆ ತಿರುಗಿಸಿ ಇಳಿಸತೊಡಗಿದಳು.